ಒಪ್ಪಿದರೆ ಜಪಾನಿ, ಒಪ್ಪದಿದ್ದರೆ ಖೋಸಾ

ಅಥವಾ ಮೊದಲು ನಮ್ಮ ಮನೆಗೆ ಬಂದದ್ದು ಖೋಸಾ ಭಾಷೆಯೇ ಇರಬಹುದು. ಜಪಾನಿ ಆಮೇಲೆ ಬಂತೋ ಏನೋ. ನನ್ನ ನೆನಪಿನಲ್ಲಿ ಮಾವನವರು ಜಗಲಿಯ ಮೇಲೆ ಕೂತು ಜಪಾನಿಯಲ್ಲಿ ನಮಸ್ಕಾರ ಹೇಳಿಕೊಡುತ್ತಿದ್ದಾರೆ, ಹೊರಗೆ ಚೆನ್ನಾಗಿ ಬಿಸಿಲಿದೆ. ನನ್ನ ಹೆಂಡತಿಯ ನೆನಪಿನಲ್ಲಿ ಅವತ್ತು ಮೋಡ ಮುಚ್ಚಿತ್ತು, ಹಪ್ಪಳ ಒಣಗದೆ ಅವಳಿಗೆ ತಲೆ ಕೆಟ್ಟಿತ್ತು, ಜಗಲಿಯಲ್ಲಿ ಕೂತಿದ್ದವರು ಮಾವನವರಲ್ಲ, ಪಕ್ಕದ ಮನೆಯ ಆರೋಗ್ಯಸ್ವಾಮಿ. ಮಗಳು ಭಾರ್ಗವಿಯನ್ನು ಕೇಳಿದರೆ ಈ ಇಡೀ ಯೋಜನೆ ತನ್ನದೇ ಅನ್ನುತ್ತಾಳೆ. ಅವತ್ತು ನಾವೆಲ್ಲ ಬಂಗಾರಪೇಟೆಯ ಇದೇ ಮನೆಯಲ್ಲಿದ್ದೆವು ಅನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ಮುಂದೆ ಬರೆಯುವುದನ್ನು ನಡೆದದ್ದು ಎಂದು ತಿಳಿಯಬೇಡಿ. ನಡೆದದ್ದರ ಬಗ್ಗೆ ನನಗಿರುವ ಅಭಿಪ್ರಾಯ ಎಂದು ತಿಳಿದರೆ ನನಗೂ ನೆಮ್ಮದಿ.

ಸಂಸಾರ ಅಂದಮೇಲೆ ಹೊರಗಿನವರ ಎದುರಿಗೆ ಆಡಿಕೊಳ್ಳಲು ಒಳಗಿನವರಿಗೆ ಒಂದು ಭಾಷೆ ಬೇಕು. ನೆಂಟರು ಕೂತಿರುವಾಗ ಹಾಲು ಒಡೆದುಹೋಗುತ್ತದೆ, ಬೇಡದವರು ಉಳಿಯುವ ಲಕ್ಷಣ ತೋರಿಸುತ್ತಾರೆ, ಗಂಡ ಹೇಳಬಾರದ್ದನ್ನು ಹೇಳಲು ಬಾಯಿ ತೆರೆಯುತ್ತಾನೆ. ಬೇರೆ ಊರುಗಳಲ್ಲಿ ಇದಕ್ಕೆ ಅನುಕೂಲವಿದೆ. ಧಾರವಾಡದಲ್ಲಿರುವ ನನ್ನ ದೊಡ್ಡಪ್ಪನ ಮನೆಯವರು ಥಟ್ಟನೆ ತೆಲುಗಿಗೆ ಇಳಿದರೆ ಸಾಕು, ಬಂದವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಾರೆ. ನಮ್ಮ ಕಡೆ ಆ ಸುಖವಿಲ್ಲ. ಕೆಜಿಎಫ್, ಬಂಗಾರಪೇಟೆಗಳಲ್ಲಿ ಹುಟ್ಟಿದ ಮಗುವಿಗೆ ಹಲ್ಲು ಬರುವ ಮೊದಲೇ ಕನ್ನಡ, ತಮಿಳು, ತೆಲುಗು ಮೂರೂ ಬಂದಿರುತ್ತವೆ. ಒಮ್ಮೆ ನನ್ನ ತಾಯಿ ಮನೆಗೆ ಬಂದಿದ್ದ ಹೆಂಗಸಿನ ಮುಂದೆ ನನಗೆ ತೆಲುಗಿನಲ್ಲಿ, ಸಕ್ಕರೆ ಮುಗಿದಿದೆ, ಏನು ಮಾಡಲಿ ಎಂದರು. ಆಕೆ ತೆಲುಗಿನಲ್ಲೇ, ಪರವಾಗಿಲ್ಲ, ನನಗೆ ಹೇಗಿದ್ದರೂ ಸಕ್ಕರೆ ಕಾಯಿಲೆ ಎಂದರು. ಗಾಬರಿಯಾದ ತಾಯಿ ತಮಿಳಿಗೆ ತಿರುಗಿ, ಇವಳಿಗೆ ತೆಲುಗು ಬರುತ್ತದೆ, ನೋಡಿಕೊಂಡು ಮಾತಾಡು ಎಂದು ನನ್ನನ್ನು ಎಚ್ಚರಿಸಿದರು. ಆಕೆ ತಮಿಳಿನಲ್ಲಿ, ತಮಿಳೂ ಬರುತ್ತದೆ ಎಂದರು. ಸಕ್ಕರೆಯಿಲ್ಲದ ಕಾಫಿ ಕುಡಿದು ಹೊರಡುವಾಗ ಕನ್ನಡದಲ್ಲಿ ಹೋಗಿಬರುತ್ತೇನೆ ಎಂದರು. ಅವರು ಮತ್ತೆ ಬಂದ ನೆನಪಿಲ್ಲ.

ಇದು ಸಾಲದು ಎಂಬಂತೆ ನನಗೆ ಇನ್ನೊಂದು ತೊಂದರೆ ಇದೆ. ಎದುರಿಗೆ ಕೂತವರಿಗೆ ನನ್ನಿಂದ ಇಲ್ಲ ಅನ್ನಲಾಗುವುದಿಲ್ಲ. ಇದು ದೊಡ್ಡ ಗುಣ ಎಂದು ಬಹಳ ದಿನ ನಂಬಿದ್ದೆ. ನಮ್ಮ ನಡುಮನೆಯಲ್ಲಿ ಒಂದು ಕಬ್ಬಿಣದ ಬೀರು ನಿಂತಿದೆ. ಅದು ನಮ್ಮದಲ್ಲ. ಮನೆ ಬದಲಿಸುತ್ತಿದ್ದ ಸಹೋದ್ಯೋಗಿಯೊಬ್ಬರು ಒಂದು ವಾರ ಇಟ್ಟುಕೊಳ್ಳಿ ಎಂದರು, ಆಗಲಿ ಎಂದೆ. ಅವರು ನಿವೃತ್ತರಾಗಿ ಊರಿಗೆ ಹೋದರು, ಬೀರು ಉಳಿಯಿತು. ಅದರ ಬೀಗದ ಕೈ ಅವರ ಹತ್ತಿರ ಇರುವುದರಿಂದ ಒಳಗೆ ಏನಿದೆ ಎಂದು ನಮಗೆ ತಿಳಿಯದು. ನಾವು ಅದರ ಮೇಲೆ ಟಿವಿ ಇಟ್ಟಿದ್ದೇವೆ.

ಬೀರು ಇಟ್ಟುಕೊಂಡು ಸಂಸಾರ ಮಾಡಬಹುದು. ಆದರೆ ನಾನು ಭಾರ್ಗವಿಯನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರಿಗೂ ಆಗಲಿ ಎಂದುಬಿಟ್ಟಿದ್ದೆ. ಅವಳು ಇನ್ನೂ ಕಾಫಿ ಸೋಸುತ್ತಿದ್ದಳು. ಆ ಹುಡುಗ ಉಪ್ಪಿಟ್ಟು ತಿನ್ನುತ್ತ, ಮದುವೆಯಾದ ಮೇಲೆ ಹುಡುಗಿ ಕೆಲಸಕ್ಕೆ ಹೋಗುವುದು ಬೇಡ ಎಂದನಂತೆ. ಭಾರ್ಗವಿ ಕೋಲಾರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ನೋಡಿ ಮನುಷ್ಯನ ಹಣೆಬರಹ ಹೇಳುತ್ತಾಳೆ. ಆ ಕೆಲಸ ಅವಳಿಗೆ ಇಷ್ಟ. ಆ ಮಾತಿಗೂ ನಾನು ಆಗಲಿ ಎಂದೆ ಎನ್ನುವುದು ಅವಳ ದೂರು. ನನ್ನ ಪ್ರಕಾರ ಅದು ಉಪ್ಪಿಟ್ಟು ಇನ್ನಷ್ಟು ಬಡಿಸಲೇ ಎಂದು ಕೇಳಿದ ಹೆಂಡತಿಗೆ ಹೇಳಿದ ಆಗಲಿ. ಆ ಒಪ್ಪಿಗೆಯನ್ನು ಬಿಡಿಸಿಕೊಳ್ಳಲು ನನ್ನ ಹೆಂಡತಿ ಜಾತಕವನ್ನು ಮತ್ತೆ ತೋರಿಸಿ, ಮೊದಲ ಸಲ ಕಾಣದಿದ್ದ ದೋಷವನ್ನು ಎರಡನೆಯ ಸಲ ಕಾಣಿಸಬೇಕಾಯಿತು.

ಆದ್ದರಿಂದ ಎರಡನೆಯ ಗಂಡಿನ ಕಡೆಯವರು ಬರುತ್ತಾರೆ ಎಂದು ಗೊತ್ತಾದಾಗ ಮಗಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು.

“ಅಪ್ಪಾ, ಈ ಸಲ ನೀನು ಬಾಯಿ ತೆರೀಬಾರ್ದು. ಮದ್ವೆ ನಂದು, ಒಪ್ಗೆ ನಿಂದಾಗ್ಬಿಡುತ್ತೆ.”

“ಅವರು ಕೇಳಿದ್ರೆ ಏನಾದ್ರೂ ಹೇಳ್ಬೇಕಲ್ಲಮ್ಮ?”

“ಕೇಳ್ದಾಗ ಸ್ವಲ್ಪ ತಡಿ. ಒಳಗಿಂದ ನಾನು ಹೇಳ್ತೀನಿ. ಅದನ್ನ ಕೇಳ್ಕೊಂಡು ನೀನು ಹೇಳು.”

“ಅವರ ಮುಂದೇನಾ?”

ಫೋನಿನಲ್ಲಿ ಮೆಸೇಜ್ ಕಳಿಸಿದರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಹೋದ ಸಲ ನನ್ನ ಹೆಂಡತಿ ಅಡುಗೆಮನೆಯಿಂದ ಕಳಿಸಿದ್ದಳು. ಕನ್ನಡಕ ಹಾಕಿಕೊಂಡು ಏನಾದರೂ ಓದಿದರೆ ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸ. “ಹುಡುಗನ ತಾಯಿ ಜೋರು” ಎಂದು ಹುಡುಗನ ತಾಯಿಯ ಮುಂದೆಯೇ ಓದಿದೆ. ಹೀಗೆ ಫೋನು ಬಿದ್ದುಹೋಯಿತು, ಹುಬ್ಬು ಹಾರಿಸುವುದನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತೇನೆ ಎಂದು ಅದೂ ಬಿದ್ದುಹೋಯಿತು, ಉಳಿದದ್ದು ಯಾರಿಗೂ ಬಾರದ ಒಂದು ಭಾಷೆ.

ನಮ್ಮ ಬೀದಿಯಲ್ಲಿ ಅಂಥ ಭಾಷೆಗಳು ಎರಡಿದ್ದವು. ನಮ್ಮ ಜತೆಯಲ್ಲೇ ಇರುವ ಮಾವನವರು ಕೆಜಿಎಫ್‌ನ ಕಾರ್ಖಾನೆಯಲ್ಲಿದ್ದಾಗ ತರಬೇತಿಗೆಂದು ಕೆಲವು ತಿಂಗಳು ಜಪಾನಿಗೆ ಹೋಗಿಬಂದವರು. ಪಕ್ಕದ ಮನೆಯ ಆರೋಗ್ಯಸ್ವಾಮಿ ಉರಿಗಾಂನವರು, ಗಣಿ ಮುಚ್ಚಿದ ಮೇಲೆ ಯಾವುದೋ ಕಂಟ್ರಾಕ್ಟಿನ ಮೇಲೆ ದಕ್ಷಿಣ ಆಫ್ರಿಕಾದ ಗಣಿಗೆ ಹೋಗಿ ಖೋಸಾ ಎಂಬ ಭಾಷೆ ಕಲಿತು ಬಂದವರು. ಇಬ್ಬರಿಗೂ ತಾವು ಕಲಿತ ಭಾಷೆಯಲ್ಲಿ ಮಾತಾಡಲು ಈ ಕಡೆ ಯಾರೂ ಸಿಗದೆ, ಅದನ್ನು ಹೊಗಳುವುದೊಂದೇ ಉಳಿದಿತ್ತು. ಸಂಜೆ ನಮ್ಮ ಜಗಲಿಯಲ್ಲಿ ಆ ಕೆಲಸ ನಡೆಯುತ್ತಿತ್ತು.

“ಸಾರ್, ನಿಮ್ ಜಪಾನ್ ಬಾಷೆ ಹಾಲ್ ಜಾಸ್ತಿ ಹಾಕಿದ್ ಕಾಪಿ ಸಾರ್. ಖಡಕ್ಕೇ ಇಲ್ಲ. ಆಫ್ರಿಕಾ ಬಾಷೆ ಪಾರುಂಗ, ಮಾತಾಡಿದ್ರೆ ಕಲ್ಲು ಒಡ್ದಂಗೆ ಇರ್ತದೆ.”

“ಮಾತಾಡೋದು ಕಲ್ಲು ಒಡೆಯೋಕಲ್ಲ ಆರೋಗ್ಯಂ.”

“ಗಣೀಲಿ ಅದಕ್ಕೇ ಸಾರ್.”

ನಾನು ಎರಡನ್ನೂ ಹೋಲಿಸಲು ಕೂತೆ. ಪಂಡಿತರು ಹೇಗೆ ಹೋಲಿಸುತ್ತಾರೋ ಗೊತ್ತಿಲ್ಲ, ಇಲ್ಲ ಅನ್ನಲಾರದ ಗಂಡಸಿನ ದೃಷ್ಟಿಯಿಂದ ಈ ಕೆಲಸವನ್ನು ಯಾರೂ ಮಾಡಿರಲಾರರು. ಮಾವನವರ ಪ್ರಕಾರ ಜಪಾನಿ ನಮ್ಮ ಚಿಕ್ಕಪ್ಪನ ಮಗನ ಹಾಗೆ. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯಂಥದ್ದು ಹಿಂದೆ ಅಂಟುತ್ತದೆ, ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ, ದೊಡ್ಡವರಿಗೊಂದು ಚಿಕ್ಕವರಿಗೊಂದು ಬಹುವಚನದ ತಾಪತ್ರಯವೂ ಇದೆ. ಬಸ್ ಎಂಬ ಇಂಗ್ಲಿಷ್ ಪದಕ್ಕೆ ನಾವು ಬಾಲ ಹಚ್ಚಿ ಬಸ್ಸು ಅನ್ನುತ್ತೇವೆ, ಅವರೂ ಬಾಲ ಹಚ್ಚಿ ಬಸು ಅನ್ನುತ್ತಾರೆ. ಖೋಸಾದವರಿಗೆ ಬಾಲದಲ್ಲಿ ಆಸಕ್ತಿ ಕಡಿಮೆ, ಅವರದೆಲ್ಲ ಕೊಂಬು. ಅವನು, ಅವಳು, ಅದು, ಒಂದು, ಹಲವು, ಎಲ್ಲವನ್ನೂ ಪದದ ಮುಂದಕ್ಕೆ ಅಂಟಿಸುತ್ತಾರೆ. ಬಸ್ಸು ಅವರಲ್ಲಿ ಇಬಾಸಿ. ಶಾಲೆ ಇಸಿಕೋಲೊ. ಇದನ್ನು ಕೇಳಿದಾಗ ನನಗೆ ಬೂದಿಕೋಟೆ ಕಡೆಯವರು ಇಸ್ಕೂಲು ಅನ್ನುವುದು ನೆನಪಾಗಿ, ಖೋಸಾ ಕೂಡ ನಮಗೆ ದೂರದ ನೆಂಟನೇ ಇರಬೇಕು ಅನ್ನಿಸಿತು. ಕಾಫಿಗೆ ಜಪಾನಿನಲ್ಲಿ ಕೋಹೀ, ಖೋಸಾದಲ್ಲಿ ಇಕೋಫು. ಕಾಪಿ ಅನ್ನುವ ನಾವು ಇಬ್ಬರ ಮೇಲೂ ನಗುವ ಹಾಗಿಲ್ಲ.

ದೊಡ್ಡ ವ್ಯತ್ಯಾಸ ಇರುವುದು ನಾಲಿಗೆಯ ಕೆಲಸದಲ್ಲಿ. ಖೋಸಾದಲ್ಲಿ ಟಕ್ ಎನ್ನುವ ಸದ್ದುಗಳೇ ಅಕ್ಷರಗಳು. ಅಯ್ಯೋ ಪಾಪ ಎಂದು ನಾವು ಹಲ್ಲಿನ ಹಿಂದೆ ಲೊಚಗುಟ್ಟುತ್ತೇವಲ್ಲ, ಅದೊಂದು ಅಕ್ಷರ. ಎತ್ತು ಹೊಡೆಯುವಾಗ ಕೆನ್ನೆಯ ಪಕ್ಕದಿಂದ ಬರುವುದು ಇನ್ನೊಂದು. ಗೋಲಿ ಸೋಡಾ ತೆರೆದ ಹಾಗೆ ಅಂಗುಳಿನಿಂದ ಬರುವುದು ಮೂರನೆಯದು. ನಾವು ಮರುಕಕ್ಕೂ ಎತ್ತಿಗೂ ಖರ್ಚು ಮಾಡುವ ಸದ್ದಿನಲ್ಲಿ ಅವರು ಪದ ಕಟ್ಟಿದ್ದಾರೆ. ಆರೋಗ್ಯಸ್ವಾಮಿ ಮೊದಲು ಕಲಿಸಿದ ಪದ ಮೊಟ್ಟೆ. ಇಕ್ಕಂಡ ಎಂದೇನೋ, ನಡುವೆ ಗೋಲಿ ಸೋಡಾ ತೆರೆಯಬೇಕು, ಮೊಟ್ಟೆ ಮಾತಿನ ಮಧ್ಯದಲ್ಲೇ ಒಡೆಯುತ್ತದೆ. ದೇವರ ಮನೆಯ ಪಕ್ಕದಲ್ಲಿ ಮೊಟ್ಟೆ ಮೊಟ್ಟೆ ಎಂದು ಅಭ್ಯಾಸ ಮಾಡುವುದು ನನ್ನ ಹೆಂಡತಿಗೆ ಸರಿಬರಲಿಲ್ಲ. ಜಪಾನಿನವರ ಸೌಜನ್ಯ ನೋಡಿ ಎಂದಳು. ಅಲ್ಲಿ ಯಾರೂ ಮುಖದ ಮೇಲೆ ಬೇಡ ಅನ್ನುವುದಿಲ್ಲವಂತೆ. ‘ಚೊತ್ತೊ’, ಅಂದರೆ ‘ಸ್ವಲ್ಪ’ ಎಂದು, ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡು ಮಾತನ್ನು ಅಲ್ಲಿಗೇ ಬಿಡುತ್ತಾರಂತೆ.

“ರೀ, ಇದು ನಿಮ್ಮದೇ ಭಾಷೆ. ನೀವು ತಪ್ಪಿ ಇಲ್ಲಿ ಹುಟ್ಟಿದೀರಿ” ಎಂದಳು.

ಭಾರ್ಗವಿ ಫೋನಿನಲ್ಲಿ ಹುಡುಕಿ ನೋಡಿ, ಆರೋಗ್ಯಸ್ವಾಮಿ ಅಂಕಲ್ ಹೇಳಿಕೊಡುವುದರಲ್ಲಿ ಅರ್ಧ ಮಾತ್ರ ಖೋಸಾ, ಉಳಿದರ್ಧ ಅಲ್ಲಿನ ಗಣಿಗಳಲ್ಲಿ ಎಲ್ಲ ಭಾಷೆ ಕಲಸಿ ಮಾಡಿಕೊಂಡ ಮಾತು ಎಂದು ವರದಿ ಮಾಡಿದಳು. ಆರೋಗ್ಯಸ್ವಾಮಿ ಬೇಸರಪಡಲಿಲ್ಲ. “ನಾನ್ ಮಾತಾಡೋ ಕನ್ನಡಾನೂ ಅಂಗೇ ತಾನೇಮ್ಮಾ? ನಡೀತಾ ಇಲ್ವಾ?” ಎಂದರು. ಮಾವನವರ ಜಪಾನಿಯನ್ನು ಪರೀಕ್ಷಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಒಂದು ಸಣ್ಣ ಪ್ರಯೋಗ ಮಾಡೋಣವೆಂದು ನಾನೂ ಹೆಂಡತಿಯೂ ಬಂಗಾರಪೇಟೆಯ ಮಾರ್ಕೆಟ್ಟಿಗೆ ಹೋದೆವು. ಟೊಮೇಟೊ ಗಾಡಿಯ ಮುಂದೆ ಅವಳು ನನ್ನ ಕಡೆ ತಿರುಗಿ ಜಪಾನಿಯಲ್ಲಿ ಏನೋ ಅಂದಳು. ನಾನು ಖೋಸಾದಲ್ಲಿ ಮೊಟ್ಟೆ ಎಂದೆ. ಗಾಡಿಯವನು ತಕ್ಕಡಿ ಇಳಿಸದೆಯೇ, “ಯಾವ್ ಬಾಸೇಲಿ ಜಾಸ್ತಿ ಆಯ್ತು ಅಂದ್ರೂ ರೇಟು ಅದೇ ಕಣಮ್ಮ” ಎಂದ. ಭಾಷೆ ಗುಟ್ಟಾಗಿದ್ದರೂ ಮುಖ ಗುಟ್ಟಾಗಿರುವುದಿಲ್ಲ ಎಂಬ ಪಾಠವನ್ನು ನಾವು ಅಲ್ಲೇ ಕಲಿಯಬೇಕಿತ್ತು. ಟೊಮೇಟೊ ತೆಗೆದುಕೊಂಡು ಬಂದೆವು.

ಕೊನೆಗೆ ದಾರಿ ತೋರಿಸಿದವಳು ಭಾರ್ಗವಿಯೇ. ನನಗೆ ಎರಡು ಭಾಷೆಯಲ್ಲೂ ಯಾವ ವಾಕ್ಯವೂ ತಲೆಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಅವಳಿಗೆ ಖಚಿತವಾಗಿತ್ತು. “ಅಪ್ಪಾ, ನಿಂಗೆ ಅರ್ಥ ಆಗೋದೇ ಬೇಡ. ಯಾವ ಭಾಷೆ ಅಂತ ಗೊತ್ತಾದ್ರೆ ಸಾಕು. ಒಪ್ಪಿದ್ರೆ ಜಪಾನೀಲಿ ಏನಾದ್ರೂ ಅಂತೀನಿ. ಒಪ್ಪದೇ ಇದ್ರೆ ಖೋಸಾದಲ್ಲಿ.” ಜಪಾನಿ ಹರಿಯುತ್ತದೆ, ಖೋಸಾ ಟಕ್ ಅನ್ನುತ್ತದೆ. ಇಷ್ಟು ವ್ಯತ್ಯಾಸ ತಿಳಿಯದ ಕಿವಿ ಇದ್ದರೆ ಆ ಕಿವಿಯಿಂದ ಏನು ಪ್ರಯೋಜನ? ನಾನು ಒಪ್ಪಿದೆ. ಒಪ್ಪದೆ ಇರುವುದು ನನಗೆ ಬರುವುದೂ ಇಲ್ಲವಲ್ಲ.

ಬಂದವರು ಒಳ್ಳೆಯ ಜನ. ಅದೇ ಕಷ್ಟ. ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾನೆ, ಉಪ್ಪಿಟ್ಟು ತಿನ್ನುವಾಗ ಮಾತಾಡಲಿಲ್ಲ. ತಂದೆತಾಯಿ ಸೋಫಾದ ತುದಿಯಲ್ಲಿ ಕೂತರು. ಮಾತೆಲ್ಲ ಬೂದಿಕೋಟೆಯಿಂದ ಬಂದಿದ್ದ ಹುಡುಗನ ಅಜ್ಜಿಯದು. ಅವರು ಸೋಫಾ ಬೇಡವೆಂದು ನೆಲದ ಮೇಲೆ ಕಾಲು ನೀಡಿ ಕೂತು, ಬೀರು ಯಾರದು, ಹಾಲು ಯಾರ ಮನೆಯದು, ನನಗೆ ಬಿಪಿ ಇದೆಯೋ ಎಂದೆಲ್ಲ ವಿಚಾರಿಸಿಕೊಂಡರು. ಭಾರ್ಗವಿ ಕಾಫಿ ಕೊಟ್ಟು, ಹುಡುಗನ ಜತೆ ಜಗಲಿಯಲ್ಲಿ ಸ್ವಲ್ಪ ಹೊತ್ತು ಮಾತಾಡಿ, ಅಡುಗೆಮನೆಯ ಪರದೆಯ ಹಿಂದಕ್ಕೆ ಹೋದಳು. ಅಜ್ಜಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಏನಪ್ಪಾ, ನಮ್ಗೆ ಉಡ್ಗಿ ಇಡ್ಸವ್ಳೆ. ನೀನೇನಂತೀಯಾ? ಒತ್ತಾಯ್ತು, ಬಸ್ಸೋಗ್ಬುಡ್ತದೆ. ಈ ಸಂಬಂದ ಕೂಡ್ಬಂತು ಅಂತ್ಲೇ ತಿಳ್ಕಳ್ಳಾ?”

ನಾನು ಬಾಯಿ ಮುಚ್ಚಿಕೊಂಡು ಕಾದೆ. ಆಗ ಅಡುಗೆಮನೆಯ ಕಡೆಯಿಂದ ಸ್ಪಷ್ಟವಾಗಿ ಒಂದು ಟಕ್ ಕೇಳಿಸಿತು.

ಖೋಸಾ. ಅಂದರೆ ಒಪ್ಪಿಲ್ಲ. ಆದರೆ ನಾನು ಅದನ್ನು ಅರಗಿಸಿಕೊಳ್ಳುವ ಮೊದಲೇ ಅಜ್ಜಿ ಬೆರಳುಗಳಿಂದ ನೆಲ ತಟ್ಟಿ, “ಕೃಷ್ಣ ಕೃಷ್ಣ! ಕೇಳಿಸ್ತೇನ್ಲಾ? ಲೊಚಗುಡ್ತು! ದೇವ್ರೇ ಊಂ ಅಂದವ್ನೆ, ಇನ್ಯಾರ್ನ ಕೇಳಾದು?” ಎಂದರು.

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಎನ್ನುವುದು ಎಲ್ಲ ಮನೆಗಳಲ್ಲೂ ಇರುವ ನಂಬಿಕೆ. ಜಗತ್ತಿನ ಭಾಷೆಗಳನ್ನೆಲ್ಲ ಹೋಲಿಸಿದ ನಾನು ಹಲ್ಲಿಯ ಭಾಷೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹುಡುಗನ ತಂದೆ ಸೋಫಾದ ಕೈ ತಟ್ಟಿ ಕೃಷ್ಣ ಕೃಷ್ಣ ಎಂದರು. ತಾಯಿ ತಟ್ಟಿದರು. ಜಪಾನು ನೋಡಿ ಬಂದ ನಮ್ಮ ಮಾವನವರೂ ತಟ್ಟಿದರು. ನಾನೂ ತಟ್ಟಿದೆ. ಚಿಕ್ಕಂದಿನ ಅಭ್ಯಾಸ, ಕೈ ತಾನಾಗಿಯೇ ಹೋಗುತ್ತದೆ. ಮಗಳು ಬೇಡ ಎಂದದ್ದಕ್ಕೆ ತಂದೆ ದೇವರ ಸಾಕ್ಷಿಯಾಗಿ ಹೌದು ಎಂದ ಹಾಗಾಯಿತು. ನನ್ನ ಹೆಂಡತಿ ಪರದೆಯ ಪಕ್ಕದಲ್ಲಿ ನಿಂತು ನನ್ನನ್ನು ನೋಡಿದಳು. ಆ ನೋಟಕ್ಕೆ ಯಾವ ಭಾಷೆಯ ಅಗತ್ಯವೂ ಇರಲಿಲ್ಲ.

ಅಜ್ಜಿ ಆಗಲೇ ಚೀಲದಿಂದ ಕನಕಾಂಬರದ ದಂಡೆ ತೆಗೆದಿದ್ದರು. ಹೂ ಮುಡಿಸಿದರೆ ಮುಗಿಯಿತು, ಜಾತಕದಲ್ಲಿ ಯಾವ ದೋಷ ಹುಟ್ಟಿಸಿದರೂ ನಡೆಯುವುದಿಲ್ಲ. “ಬಾರವ್ವಾ ಇಂಗೆ” ಎಂದು ಕರೆದರು. ಪರದೆ ಅಲುಗಲಿಲ್ಲ. ನಾನು ಎದ್ದು ನಿಂತೆ. ಯಾಕೆ ಎದ್ದೆ ಎಂದು ಗೊತ್ತಿಲ್ಲ, ಕೂತು ಹೇಳುವ ಮಾತಾಗಿರಲಿಲ್ಲ ಅದು.

“ಅಜ್ಜೀ, ತಡೀರಿ. ಅದು ಹಲ್ಲಿ ಅಲ್ಲ. ಆಫ್ರಿಕಾ ಭಾಷೆ ಇರಬಹುದು.”

ಅಜ್ಜಿ ಮಗನ ಕಡೆ ತಿರುಗಿ, “ಇವ್ರಿಗೆ ಉಸಾರಿಲ್ವೇನ್ಲಾ? ಬಿಪಿ ಇಲ್ಲ ಅಂದ್ರಲ್ಲ” ಎಂದು ಮೆಲ್ಲಗೆ ಕೇಳಿದರು, ಮೆಲ್ಲಗೆ ಅಂದರೆ ಬೀದಿಗೆ ಕೇಳಿಸುವಷ್ಟು. ನಾನು ಬಸ್ಸು, ಬಸು, ಇಬಾಸಿಯಿಂದ ಶುರುಮಾಡಿ ವಿವರಿಸಲು ಹೋದೆ. ಸ್ವಲ್ಪ ದೂರ ಹೋದಮೇಲೆ ವಿವರಣೆ ಹೋಲಿಕೆಯಿಂದ ಒಪ್ಪಿಗೆಯ ಕಡೆ ತಿರುಗಲೇಬೇಕಾದ ಜಾಗ ಬಂತು, ಅಲ್ಲಿ ನಿಂತುಬಿಟ್ಟೆ.

ನಕ್ಕವನು ಹುಡುಗ. ಅಲ್ಲಿಯವರೆಗೆ ಅವನಿಗೆ ಹಲ್ಲುಗಳಿವೆ ಎಂದು ನಮಗೆ ಗೊತ್ತಿರಲಿಲ್ಲ. “ಅಜ್ಜಿ, ಹೂ ಒಸಿ ಇರ್ಲಿ. ಹಲ್ಲೀನೂ ಬೇಡ, ಅವರಪ್ಪನ್ನೂ ಬೇಡ, ಅವರನ್ನೇ ಕೇಳಣ” ಎಂದ.

ಭಾರ್ಗವಿ ಹೊರಗೆ ಬಂದಳು. ಮೂರು ಭಾಷೆ ಹುಟ್ಟಿನಿಂದ, ಎರಡು ಭಾಷೆ ಕಷ್ಟಪಟ್ಟು ಕಲಿತ ಹುಡುಗಿ, ಸೀದಾ ಕನ್ನಡದಲ್ಲಿ ಹೇಳಿದಳು. “ಅಜ್ಜೀ, ನಾನು ಕೆಲ್ಸ ಬಿಡಲ್ಲ. ಇವರ ಜೊತೆ ಇನ್ನೊಂದೆರಡು ಸಲ ಮಾತಾಡ್ಬೇಕು. ಆಮೇಲೆ ನಾನೇ ಹೇಳ್ತೀನಿ. ಅಪ್ಪ ಹೇಳಲ್ಲ.”

“ಮಾತಾಡಕೇನವ್ವಾ ಐತೆ? ನಾನು ಇವ್ನ ತಾತನ್ ಮಕ ನೋಡಿದ್ದೇ ಮದ್ವೆ ದಿನ.”

“ಏನನ್ನಿಸ್ತು ಅಜ್ಜಿ ನೋಡಿ?”

ಅಜ್ಜಿ ದಂಡೆಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ಮಾತಾಡು, ಮಾತಾಡು” ಎಂದರು. ಆಮೇಲೆ ದಂಡೆಯನ್ನು ಅವಳ ಕೈಗೆ ಕೊಟ್ಟು, “ಇದು ಒಪ್ಗೇಗಲ್ಲ. ಬಸ್ನಾಗೆ ಬಾಡೋಯ್ತದೆ, ಸುಮ್ಕೆ ಮುಡ್ಕ” ಎಂದರು. ಬಸ್ಸು ಹೋಗಿತ್ತು. ಹುಡುಗ ಅಜ್ಜಿಯನ್ನು ಸ್ಕೂಟರಿನಲ್ಲಿ ಬೂದಿಕೋಟೆಗೆ ಬಿಟ್ಟನಂತೆ.

ಅದು ಹಲ್ಲಿಯೋ ನೀನೋ ಎಂದು ಮಗಳನ್ನು ಕೇಳಿದೆ. ಅವಳು ಜಪಾನಿಯಲ್ಲಿ ಏನೋ ಉತ್ತರ ಕೊಟ್ಟು ಬಟ್ಟೆ ಒಣಹಾಕಲು ಹೋದಳು. ಮಾವನವರನ್ನು ಅರ್ಥ ಕೇಳಿದರೆ, ತಮ್ಮ ಕಾಲದ ಕಾರ್ಖಾನೆಯಲ್ಲಿ ಆ ಮಾತು ಬಳಕೆಯಲ್ಲಿರಲಿಲ್ಲ ಎಂದರು. ನನ್ನ ಹೆಂಡತಿಗೆ ಇದಾವುದೂ ಮುಖ್ಯವಲ್ಲ. ಅವಳು ಹೇಳುವ ಪ್ರಕಾರ, ಅಜ್ಜಿ ಕೇಳಿದ ಕೂಡಲೇ, ಆ ಸದ್ದು ಬರುವ ಮೊದಲೇ, ನಾನು ‘ಆಗಲಿ’ ಎಂದಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದು ಮೇಲೆ ಬರೆದಿದ್ದೇನೆ. ನನಗೆ ನೆನಪಿರುವುದು ಹಾಗೆ. ಅವಳಿಗೆ ನೆನಪಿರುವುದು ಹೀಗೆ. ಅಜ್ಜಿಯನ್ನು ಕೇಳಿ ಇತ್ಯರ್ಥ ಮಾಡಿಕೊಳ್ಳುವ ಧೈರ್ಯ ನನಗಿಲ್ಲ.

ಈಗ ಭಾರ್ಗವಿಯೂ ಆ ಹುಡುಗನೂ ಫೋನಿನಲ್ಲಿ ಮಾತಾಡುತ್ತಾರೆ. ಸಂಜೆ ಅವಳು ಕೋಣೆಯ ಬಾಗಿಲು ಹಾಕಿಕೊಂಡಾಗ ನಾನು ಪೇಪರ್ ಹಿಡಿದು ಜಗಲಿಯಲ್ಲಿ, ಆ ಕೋಣೆಯ ಕಿಟಕಿಯ ಹತ್ತಿರ ಕೂರುತ್ತೇನೆ. ಅಲ್ಲಿ ಬೆಳಕು ಚೆನ್ನಾಗಿದೆ. ಮೊದಮೊದಲು ಕನ್ನಡ ಕೇಳಿಸುತ್ತಿತ್ತು. ಈಚೆಗೆ ಅವಳು ಅವನಿಗೂ ಎರಡನ್ನೂ ಕಲಿಸಿದ್ದಾಳೆ ಎಂದು ಕಾಣುತ್ತದೆ. ಅಥವಾ ನನಗೆ ಅರ್ಥವಾಗಬಾರದೆಂದೇ ಕಲಿಸಿದ್ದಾಳೆ. ಸ್ವಲ್ಪ ಹೊತ್ತು ಮಾತು ಹರಿಯುತ್ತದೆ, ಜಪಾನಿ ಎಂದುಕೊಂಡು ಸಮಾಧಾನಪಡುತ್ತೇನೆ. ನಡುವೆ ಟಕ್ ಅನ್ನುತ್ತದೆ. ನಗು ಕೇಳುತ್ತದೆ. ಮತ್ತೆ ಹರಿಯುತ್ತದೆ.

“ಏನಂತೆ ರೀ?” ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಾಳೆ.

ಗೊತ್ತಿಲ್ಲ ಎನ್ನುತ್ತೇನೆ. ನಿಜವಾಗಿಯೂ ಗೊತ್ತಿಲ್ಲ.